ಕೆರೆಯ ಒಳಗನ್ನು ನೋಡುವ ಕಣ್ಣು

ನೀರೆಂದರೆ ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಮಳೆಗಾಲ ಬಂತೆಂದರೆ ತೋಡು ತುಂಬುತ್ತದೆ, ಮದಕ ತುಂಬುತ್ತದೆ, ಸುರಂಗದ ಬಾಯಲ್ಲಿ ನೀರು ಹರಿಯುತ್ತದೆ. ಅನಂತಪುರದಲ್ಲಂತೂ ಕೆರೆಯ ನಡುವೆಯೇ ದೇವಸ್ಥಾನವಿದೆ. ಅಲ್ಲಿ 2022ರವರೆಗೆ ಬದುಕಿದ್ದ ‘ಬಬಿಯಾ’ ಎಂಬ ಮೊಸಳೆಯನ್ನು ಕಾಣಲು ಕಾದು ನಿಂತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ನೀರಿನ ಒಳಗೆ ಮುಖವಿಟ್ಟು ಕಣ್ಣು ತೆರೆದು ನೋಡಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆ ಮಾತ್ರವಲ್ಲ, ಹೆತ್ತವರ ಮುಂದೆಯೂ ಇಡಬೇಕೆಂದು ನಮಗೆ ತೋರಿದೆ.

ಆಫ್ರಿಕಾ ಖಂಡದಲ್ಲಿ ಮಲಾವಿ ಎಂಬ ಸಿಹಿನೀರಿನ ಸರೋವರವಿದೆ. ಉದ್ದ ಸುಮಾರು 580 ಕಿಲೋಮೀಟರು. ಅತಿ ಆಳವಾದಲ್ಲಿ ಸುಮಾರು 700 ಮೀಟರು. ಮೂರು ದೇಶಗಳ ಗಡಿ ಇದನ್ನು ಮುಟ್ಟುತ್ತದೆ. ಮಲಾವಿ ದೇಶದವರು ಇದನ್ನು ಮಲಾವಿ ಎಂದರೆ ತಾಂಜಾನಿಯಾದವರು ನ್ಯಾಸಾ ಎನ್ನುತ್ತಾರೆ, ಮೊಜಾಂಬಿಕ್‌ನವರು ನಿಯಾಸಾ ಎನ್ನುತ್ತಾರೆ. ನಾವು ಕೆರೆ ಎಂದುದನ್ನು ಪಕ್ಕದ ಮನೆಯವರು ಕುಳಂ ಎನ್ನುವ ಈ ಗಡಿನಾಡಿನಲ್ಲಿ ಬೆಳೆದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೆಸರು ಬೇರೆಯಾದರೂ ನೀರು ಒಂದೇ.

ಈ ಸರೋವರದಲ್ಲಿ ಸಿಕ್ಲಿಡ್ ಎಂಬ ಕುಲದ ಮೀನುಗಳು 500ಕ್ಕೂ ಹೆಚ್ಚು ಜಾತಿಗಳಲ್ಲಿವೆ. ಬಹುಪಾಲು ಜಾತಿಗಳು ಪ್ರಪಂಚದ ಬೇರೆಲ್ಲಿಯೂ ಇಲ್ಲ. ನೀಲಿ, ಹಳದಿ, ಪಟ್ಟೆ ಪಟ್ಟೆಯ ಈ ಮೀನುಗಳಲ್ಲಿ ಹಲವು ದಡದ ಬಂಡೆಗಳ ಸಂದಿಯಲ್ಲಿ ವಾಸಿಸುತ್ತವೆ. ಹಲವು ಜಾತಿಗಳಲ್ಲಿ ತಾಯಿ ಮೀನು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು, ಮರಿಯಾಗುವ ತನಕ ಹೆಚ್ಚುಕಡಿಮೆ ಉಪವಾಸವಿದ್ದು ಕಾಯುತ್ತದೆ. ಇವುಗಳನ್ನು ನೋಡಲೆಂದೇ ದೂರದೂರದ ಜನ ಬಂದು ನೀರಿಗೆ ಇಳಿಯುತ್ತಾರೆ. ಸರೋವರದ ದಕ್ಷಿಣ ಭಾಗದ ಒಂದಷ್ಟು ಪ್ರದೇಶ 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1984ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೀಗೆ ನೋಡುವುದರಲ್ಲಿ ಎರಡು ಬಗೆ. ಕನ್ನಡಕದಂಥ ಮುಖವಾಡ ಧರಿಸಿ, ಬಾಯಲ್ಲೊಂದು ಗಿಡ್ಡ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ನೋಡುವುದು ಸ್ನಾರ್ಕೆಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು ಸ್ಕೂಬಾ. ಬಪ್ಪಂಗಾಯಿ ಎಲೆಯ ದಂಟನ್ನು ಬಾಯಲ್ಲಿಟ್ಟು ನೀರಿನಲ್ಲಿ ಮುಳುಗಿ ಆಡಿದ ಹುಡುಗರಿಗೆ ಮೊದಲನೆಯದು ಗೊತ್ತೇ ಇದೆ. ಹಾಗಾದರೆ ಉದ್ದದ ಕೊಳವೆ ಕಟ್ಟಿ ತಳಕ್ಕೇ ಹೋಗಬಾರದೇ? ಆಗದು. ಒಂದು ಮೀಟರು ಇಳಿಯುವಷ್ಟರಲ್ಲಿ ನೀರು ಎದೆಯನ್ನು ಅದುಮುತ್ತದೆ. ಮೇಲಿನ ಗಾಳಿಯನ್ನು ಒಳಗೆಳೆಯಲು ಎದೆಗೆ ಶಕ್ತಿ ಸಾಲದು. ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಒದಗಿಸುವ ಉಪಕರಣವನ್ನು ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಎಂಬವರು 1943ರಲ್ಲಿ ಸಿದ್ಧಪಡಿಸಿದರು. ಆಮೇಲೆಯೇ ಮನುಷ್ಯ ಮೀನಿನಂತೆ ಸ್ವತಂತ್ರವಾಗಿ ನೀರಿನೊಳಗೆ ತಿರುಗಾಡುವುದು ಸುಲಭವಾಯಿತು.

ಆದರೆ ಈ ಸ್ವಾತಂತ್ರ್ಯಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಒಬ್ಬನೇ ಇಳಿಯಬಾರದು. ಉಸಿರು ಬಿಗಿಹಿಡಿದು ಮೇಲೇರಬಾರದು. ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದೀತು. ಅವಸರಪಡಬಾರದು. ಸಿಹಿನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯದಾದ್ದರಿಂದ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನೂ ಲೆಕ್ಕಹಾಕಿ ಕಡಿಮೆ ಮಾಡಬೇಕು. ಎಂದರೆ, ನೀರಿಗಿಳಿಯುವುದು ಹುಡುಗಾಟವಲ್ಲ, ಅದೊಂದು ವಿದ್ಯೆ. ಗುರುವಿನಿಂದ ಕಲಿಯಬೇಕಾದ ವಿದ್ಯೆ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ನಾವು ಮಕ್ಕಳಿಗೆ ಈ ವಿದ್ಯೆಯ ಮೊದಲ ಅಕ್ಷರವನ್ನೂ ಕಲಿಸುವುದಿಲ್ಲ. “ಕೆರೆಯ ಹತ್ತಿರ ಹೋಗಬೇಡ” ಎಂದು ಗದರಿಸುತ್ತೇವೆ, ಅಷ್ಟೆ. ಮಕ್ಕಳು ಹೋಗದೆ ಇರುತ್ತಾರೆಯೇ? ಮುರಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮಳೆನೀರು ನಿಂತಾಗ ಅದು ನೋಡಲು ಶಾಂತವಾಗಿರುತ್ತದೆ. ಅಂಚು ಮಾತ್ರ ಗೋಡೆಯಂತೆ ಕಡಿದಾಗಿರುತ್ತದೆ. ಹಲವು ವರ್ಷಗಳ ಹಿಂದೆ ಅಂಥದೊಂದು ಕೋರೆಯಲ್ಲಿ ನಮ್ಮ ತರಗತಿಯ ಹುಡುಗನೊಬ್ಬ ತೀರಿಕೊಂಡ. ಮರುದಿನ ಹಾಜರಿ ಕರೆಯುವಾಗ ಅಭ್ಯಾಸಬಲದಿಂದ ಅವನ ಹೆಸರು ಬಾಯಿಗೆ ಬಂತು. ತರಗತಿ ಮೌನವಾಗಿತ್ತು. ಅವನಿಗೆ ನಾವು ಛಂದಸ್ಸಿನ ಗಣವಿಭಾಗ ಕಲಿಸಿದ್ದೆವು, ಸಂಧಿ ಸಮಾಸ ಕಲಿಸಿದ್ದೆವು. ನೀರಿನ ಮೇಲೆ ಅಂಗಾತ ತೇಲುವುದನ್ನು ಯಾರೂ ಕಲಿಸಿರಲಿಲ್ಲ. ಆ ತಪ್ಪಿನಲ್ಲಿ ಮನೆಗೂ ಶಾಲೆಗೂ ಪಾಲಿದೆ ಎಂದೇ ನಾವು ಇಂದಿಗೂ ತಿಳಿದಿದ್ದೇವೆ.

“ಸ್ಕೂಬಾ ಎಲ್ಲ ಹಣವಂತರ ಚಟ, ನಮ್ಮ ಮಕ್ಕಳಿಗೆ ಏಕೆ?” ಎಂದು ಕೇಳುವವರಿದ್ದಾರೆ. ಸಿಲಿಂಡರ್ ಕಟ್ಟಿಕೊಂಡು ಮದಕಕ್ಕೆ ಇಳಿಯಿರಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಕೆಸರು ನೀರಿನಲ್ಲಿ ಅದು ಅಪಾಯವೂ ಹೌದು. ಆದರೆ ಈಜು ಹಣವಂತರ ಚಟವಲ್ಲ. ಅದು ಹುಡುಗರಿಗೆ ಮಾತ್ರ ಮೀಸಲಾದುದೂ ಅಲ್ಲ. ಹುಡುಗಿಯರಿಗೂ ನೀರು ಅಷ್ಟೇ ಆಳ. ನೀರಿನ ಒಳಗನ್ನು ತಿಳಿಯುವುದೂ ಬರಿಯ ವಿನೋದವಲ್ಲ. ಮಲಾವಿಯಲ್ಲಿಯೇ ನೋಡಿ: ಅಲ್ಲಿ ಬಿಲ್‌ಹಾರ್ಜಿಯಾ ಎಂಬ ರೋಗವಿದೆ. ಅದರ ಹುಳು ಬಸವನಹುಳುವಿನಲ್ಲಿ ಬೆಳೆದು, ನೀರಿಗೆ ಬಂದು, ಮನುಷ್ಯನ ಚರ್ಮದ ಮೂಲಕ ಒಳಸೇರುತ್ತದೆ. ಬಸವನಹುಳುಗಳನ್ನು ತಿನ್ನುವ ಮೀನುಗಳು ದಡದ ಬಳಿ ಬೇಕಾದಷ್ಟಿದ್ದವು. ಬಲೆ ಹಾಕಿ ಹಾಕಿ ಆ ಮೀನುಗಳು ಕಡಿಮೆಯಾದುವು, ಬಸವನಹುಳುಗಳು ಹೆಚ್ಚಿದುವು, ರೋಗವೂ ಹೆಚ್ಚಿತು ಎಂದು ಅಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳು ಹೇಳಿದ್ದಾರೆ. ದಡದಲ್ಲಿ ನಿಂತು ನೋಡಿದರೆ ನೀರು ಮೊದಲಿನಂತೆಯೇ ಹೊಳೆಯುತ್ತಿರುತ್ತದೆ, ಕೆಟ್ಟದ್ದು ಒಳಗೆ. ನಮ್ಮ ಕೆರೆಗಳ ಗತಿಯೂ ಬೇರೆಯಲ್ಲ. ಪ್ಲಾಸ್ಟಿಕ್ಕನ್ನೂ ಕಸವನ್ನೂ ಎಸೆಯುವ ಕೈಗೆ ನೀರಿನ ಒಳಗು ಕಾಣುವುದಿಲ್ಲ. ಕಂಡಿದ್ದರೆ ಎಸೆಯಲು ಮನಸ್ಸು ಬಾರದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಈಜು ಬಲ್ಲ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ರಕ್ಷಕ-ಶಿಕ್ಷಕ ಸಂಘದವರು ಅವರನ್ನು ಕೇಳಿಕೊಂಡು, ಬೇಸಗೆ ರಜೆಯಲ್ಲಿ, ತಳ ತಿಳಿದಿರುವ ಒಂದು ಕೆರೆಯನ್ನು ಶುಚಿಗೊಳಿಸಿ ಮಕ್ಕಳಿಗೆ ಈಜು ಕಲಿಸುವ ಏರ್ಪಾಡು ಮಾಡಲಿ. ಮುಳುಗುವವನನ್ನು ಕಂಡರೆ ಹಾರಬಾರದು, ಕೂಗಿ ಜನ ಸೇರಿಸಿ ಹಗ್ಗವನ್ನೋ ಕೋಲನ್ನೋ ಪಂಚೆಯನ್ನೋ ಚಾಚಬೇಕು ಎಂಬುದನ್ನು ಪ್ರತಿ ಮಗುವಿಗೂ ಹೇಳಿಕೊಡಲಿ. ಮಕ್ಕಳೇ, ನೀವೂ ಅಷ್ಟೇ: ಒಬ್ಬರೇ ಹೋಗಬೇಡಿ, ಹಿರಿಯರಿಲ್ಲದೆ ಇಳಿಯಬೇಡಿ, ಕೋರೆಯ ನೀರನ್ನು ನಂಬಬೇಡಿ.

ನೀರಿನ ಭಯವೊಂದನ್ನೇ ಕಲಿತವನು ಜಾರಿ ಬಿದ್ದಾಗ ಆ ಭಯ ಅವನನ್ನು ಎತ್ತಿ ಹಿಡಿಯುವುದಿಲ್ಲ. ವಿದ್ಯೆ ಹಿಡಿಯುತ್ತದೆ. ಬರುವ ಬೇಸಗೆಯಲ್ಲಿ ಅದರ ಮೊದಲ ಪಾಠ ನಡೆಯಲಿ. ಹಾಜರಿ ಪುಸ್ತಕದ ಎಲ್ಲ ಹೆಸರುಗಳಿಗೂ ವರ್ಷದ ಕೊನೆಯ ತನಕ ಉತ್ತರ ಬರುತ್ತಿರಲಿ.