ನಾಲ್ಕು ಗೋಲಿಗೂ ಅವನೊಬ್ಬನೇ ಕಾರಣನಾ?

ಇಪ್ಪತ್ತಾರಕ್ಕೆ ಮತದಾನ. ಬೆಳಗಾದರೆ ಯಾವ ಪಕ್ಷದ ಯಾವ ನಾಯಕ ಯಾವ ಊರಿಗೆ ಬರುತ್ತಾನೆ ಅಂತ ಲಿಸ್ಟ್ ಹಿಡಿದು ಬೈಕ್ ಹತ್ತುವ ಕೆಲಸ. ಹೂಮಳೆಯೂ ಕೈಕೊಟ್ಟು ತೋಟಗಳೆಲ್ಲ ಒಣಗಿ ನಿಂತಿವೆ. ಬರೆಯೋಕೆ ಬೇಕಾದಷ್ಟು ಇದೆ, ಗೊತ್ತು. ಆದರೂ ಇವತ್ತು ಫುಟ್‌ಬಾಲ್ ಬಗ್ಗೆಯೇ ಬರೆಯುತ್ತೇನೆ. ಯುಗಾದಿ ಮುಗಿದ ಎರಡನೇ ದಿನ, ಏಪ್ರಿಲ್ 11ರ ರಾತ್ರಿಯಿಂದ ನಮ್ಮ ಊರಿನ ಫುಟ್‌ಬಾಲ್ ವಾಟ್ಸಾಪ್ ಗ್ರೂಪಿನಲ್ಲಿ ನಡೀತಾ ಇರೋದನ್ನ ನೋಡಿ ಸುಮ್ಮನಿರೋಕೆ ಆಗುತ್ತಿಲ್ಲ.

ಆವತ್ತು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮೋಹನ್ ಬಾಗಾನ್ ಎದುರು 0-4ರಲ್ಲಿ ಸೋತಿತು. ಸೀಸನ್ನಿನ ಕೊನೇ ಪಂದ್ಯ, ನಮ್ಮದೇ ಅಂಗಳ. ಡಿಸೆಂಬರ್‌ನಲ್ಲಿ ಇದೇ ಕಂಠೀರವದಲ್ಲಿ ಮುಂಬೈ ಕೂಡ ನಾಲ್ಕು ಹೊಡೆದು ಹೋಗಿತ್ತು. ಒಟ್ಟು 22 ಪಂದ್ಯಕ್ಕೆ 5 ಗೆಲುವು, 12 ತಂಡದಲ್ಲಿ 10ನೇ ಸ್ಥಾನ. ಬೇಜಾರು ಆಗಲೇಬೇಕು. ನನಗೂ ಆಯ್ತು. ಆ ರಾತ್ರಿ ಊಟ ಸೇರಲಿಲ್ಲ ಅಂದ್ರೆ ಮನೆಯಲ್ಲಿ ನಗ್ತಾರೆ, ಇರಲಿ.

ಆದರೆ ನಮ್ಮ ಗ್ರೂಪಿನ ಪಂಡಿತರು ರಾತ್ರಿ ಹನ್ನೊಂದಕ್ಕೆಲ್ಲ ತೀರ್ಪು ಕೊಟ್ಟಾಗಿತ್ತು. ಎಲ್ಲದಕ್ಕೂ ಕಾರಣ ರೋಷನ್ ಸಿಂಗ್. ಇಡೀ ಸೀಸನ್ ಹಾಳಾಗಿದ್ದು ಅವನಿಂದ. ಎರಡು ವರ್ಷದ ಹಿಂದೆ ಇದೇ ಹುಡುಗನ ಫೋಟೋ ಡಿಪಿ ಹಾಕಿಕೊಂಡಿದ್ದವರು ಈಗ ಅವನ ಮುಖಕ್ಕೆ ಕತ್ತೆ ತಲೆ ಅಂಟಿಸಿ ಸ್ಟಿಕರ್ ಮಾಡಿದ್ದಾರೆ. ಆ ಸ್ಟಿಕರ್ ನೂರಾರು ಫೋನ್ ದಾಟಿ ಪಕ್ಕದ ತಾಲ್ಲೂಕಿನ ಗ್ರೂಪಿಗೂ ಹೋಗಿದೆ.

ಸರಿ, ಫಾರ್ಮ್ ಅಂತೀರಲ್ಲ, ಅದರ ಬಗ್ಗೆಯೇ ಮಾತಾಡೋಣ.

2021-22ರ ಐಎಸ್‌ಎಲ್‌ನಲ್ಲಿ ವರ್ಷದ ಉದಯೋನ್ಮುಖ ಆಟಗಾರ ಅಂತ ಪ್ರಶಸ್ತಿ ಬಂದಿದ್ದು ಇದೇ ರೋಷನ್‌ಗೆ. ಕಾರ್ನರ್ ಅವನದೇ, ಫ್ರೀಕಿಕ್ ಅವನದೇ, ಬದಿಯಿಂದ ಓಡಿ ಹೋಗಿ ಕ್ರಾಸ್ ಹಾಕುವುದೂ ಅವನೇ. 2022ರ ಮಾರ್ಚ್‌ನಲ್ಲಿ ಬಹ್ರೇನ್ ವಿರುದ್ಧ ದೇಶಕ್ಕೂ ಆಡಿದ. ಆಗಲೂ ತಂಡ ಮುಗಿಸಿದ್ದು ಆರನೇ ಸ್ಥಾನದಲ್ಲಿ, ಅದನ್ನೂ ನೆನಪಿಟ್ಟುಕೊಳ್ಳಿ.

ಅದರ ಮುಂದಿನ ವರ್ಷ ಕೋಚ್ ಬದಲಾದರು. ಸೈಮನ್ ಗ್ರೇಸನ್ ಹಿಂದೆ ಮೂವರು ಸೆಂಟರ್ ಬ್ಯಾಕ್ ನಿಲ್ಲಿಸಿ, ಎಡಗಡೆ ರೋಷನ್, ಬಲಗಡೆ ಪ್ರಬೀರ್ ದಾಸ್ ಇಬ್ಬರನ್ನೂ ಮುಂದಕ್ಕೆ ಓಡಲು ಬಿಟ್ಟರು. ಬ್ಯಾಕ್ ಆಡುವವನು ಮುಂದೆ ಹೋಗಿ ಚೆಂಡು ಕಳೆದುಕೊಂಡರೂ ಹಿಂದೆ ಸಂದೇಶ್ ಝಿಂಗಾನ್ ಥರದವರು ಕಾಯುತ್ತಾ ಇದ್ದರು. ಡ್ಯುರಾಂಡ್ ಕಪ್ ಗೆದ್ದೆವು. ಲೀಗ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದೆವು. ಐಎಸ್‌ಎಲ್ ಫೈನಲ್ ಆಡಿದೆವು, ಸೂಪರ್ ಕಪ್ ಫೈನಲ್ ಕೂಡ.

ಆಮೇಲೆ ಏನಾಯ್ತು? ಝಿಂಗಾನ್ ಗೋವಾಕ್ಕೆ ಹೋದ. ಉದಾಂತ ಕೂಡ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ, ರಾಯ್ ಕೃಷ್ಣ ಒಡಿಶಾಕ್ಕೆ. ಮನೆಯ ಮೂರು ಕಂಬ ಕಿತ್ತು, ಉಳಿದ ಒಂದು ಕಂಬಕ್ಕೆ ಯಾಕಯ್ಯಾ ವಾಲಿದ್ದೀಯ ಅಂತ ಕೇಳಿದ ಹಾಗಾಯ್ತು. ಡಿಸೆಂಬರ್‌ನಲ್ಲಿ ಗ್ರೇಸನ್ ಕೂಡ ಮನೆಗೆ. ಸ್ವಲ್ಪ ದಿನ ರೆನೆಡಿ ಸಿಂಗ್ ನೋಡಿಕೊಂಡರು, ಆಮೇಲೆ ಸ್ಪೇನಿನ ಜೆರಾರ್ಡ್ ಝರಗೋಝಾ ಬಂದರು. ಒಬ್ಬ ಕೋಚ್ ಮುಂದೆ ಓಡು ಅಂತಾನೆ, ಇನ್ನೊಬ್ಬ ನಿಂತ ಜಾಗ ಬಿಡಬೇಡ ಅಂತಾನೆ. ಬದಿಯ ಬ್ಯಾಕ್ ಆಡಿದವರಿಗೆ ಗೊತ್ತು, ಆ ಒಂದು ಹೆಜ್ಜೆಯ ಗೊಂದಲ ಸಾಕು, ಎದುರಾಳಿ ನಿಮ್ಮ ಬೆನ್ನ ಹಿಂದೆ ಇರ್ತಾನೆ.

ಇನ್ನೊಂದು ವಿಷಯ. ಟಿವಿಯಲ್ಲಿ, ಅದರಲ್ಲೂ ಆರು ಇಂಚಿನ ಫೋನಿನಲ್ಲಿ, ನಿಮಗೆ ಕಾಣೋದು ಚೆಂಡು ಇರುವ ಜಾಗ ಮಾತ್ರ. ಮಿಡ್‌ಫೀಲ್ಡಿನಲ್ಲಿ ಒಬ್ಬ ಚೆಂಡು ಬಿಟ್ಟುಕೊಟ್ಟ, ಇನ್ನೊಬ್ಬ ಹಿಂದಕ್ಕೆ ಓಡಿ ಬರಲೇ ಇಲ್ಲ, ಸೆಂಟರ್ ಬ್ಯಾಕ್ ಒಳಗೆ ಎಳೆದುಕೊಂಡು ಹೋದ. ಇದ್ಯಾವುದೂ ಕ್ಯಾಮೆರಾದಲ್ಲಿ ಬರಲ್ಲ. ಕೊನೆಗೆ ಇಬ್ಬರ ಎದುರು ಒಬ್ಬನೇ ನಿಂತ ಬ್ಯಾಕ್ ದಾಟಿಸಿಕೊಂಡು ಬೀಳ್ತಾನೆ, ಅದು ಮಾತ್ರ ಸ್ಲೋ ಮೋಷನ್‌ನಲ್ಲಿ ಮೂರು ಸಲ ಬರುತ್ತೆ. ಫಾರ್ವರ್ಡ್ ಆಡುವವನು ಹತ್ತು ಚಾನ್ಸ್ ಹಾಳು ಮಾಡಿದರೂ ಆಡ್ತಾ ಇರ್ತಾನೆ. ಹನ್ನೊಂದನೆಯದು ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತೀರಿ. ಬ್ಯಾಕ್ ಆಡುವವನು ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿದ್ದನ್ನ ಯಾರೂ ಕ್ಲಿಪ್ ಮಾಡಲ್ಲ.

ಹಾಗಂತ ಅವನು ಚೆನ್ನಾಗಿ ಆಡಿದ ಅಂತ ನಾನು ಹೇಳ್ತಾ ಇಲ್ಲ. ಮೊದಲಿನ ಕ್ರಾಸ್‌ಗಳು ಈ ವರ್ಷ ಕಾಣಲಿಲ್ಲ. ಹಿಂದೆ ಓಡಿ ಬರುವಾಗ ತಡವಾಗಿದ್ದೂ ಇದೆ. ಅದನ್ನ ಹೇಳಿ. ಯಾವ ಪಂದ್ಯ, ಯಾವ ನಿಮಿಷ, ಎಲ್ಲಿ ನಿಲ್ಲಬೇಕಿತ್ತು ಅಂತ ಹೇಳಿದರೆ ನಾನೂ ಕೂತು ಕೇಳ್ತೀನಿ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಂಟೀನಿನಲ್ಲಿ ಹಳೇ ಸೆವೆನ್ಸ್ ಆಟಗಾರರು ಹಾಗೇ ಮಾತಾಡ್ತಾರೆ. ಸಕ್ಕರೆ ಡಬ್ಬಿ ಗೋಲ್‌ಕೀಪರ್, ಲೋಟಗಳು ಬ್ಯಾಕ್, ಬೀಡಿ ಕಟ್ಟು ಚೆಂಡು. ಜಗಳ ಜೋರಾಗಿಯೇ ಇರುತ್ತೆ. ಆದರೆ ಯಾರೂ ಯಾರ ತಾಯಿಯ ಹೆಸರು ತೆಗೆಯಲ್ಲ.

ಗ್ರೂಪಿನಲ್ಲಿ ಅದೂ ಆಯ್ತು. ಅದಕ್ಕಿಂತ ಕೆಟ್ಟದ್ದೂ ಆಯ್ತು. ಒಬ್ಬರು ಬರೆದರು, ‘ಮಣಿಪುರಕ್ಕೆ ವಾಪಸ್ ಕಳಿಸಿ ಇವನನ್ನ.’ ಅದರ ಕೆಳಗೆ ನಲವತ್ತು ನಗುವ ಇಮೋಜಿ. ಹಾಕಿದವರಲ್ಲಿ ಇಬ್ಬರು ಮೇಷ್ಟ್ರು ಇದ್ದಾರೆ.

ಮಣಿಪುರ ಅಂದ್ರೆ ಏನು ಅಂದುಕೊಂಡಿದ್ದೀರಿ? 2023ರ ಮೇ 3ರಂದು ಆ ರಾಜ್ಯ ಹೊತ್ತಿಕೊಂಡಿತು. ಊರಿಗೆ ಊರೇ ಖಾಲಿಯಾಯ್ತು. ತಿಂಗಳುಗಟ್ಟಲೆ ಇಂಟರ್‌ನೆಟ್ ಇರಲಿಲ್ಲ. 2024ರ ಜನವರಿಯಲ್ಲಿ ನಮ್ಮ ತಂಡ ಸೇರಿದ ಡಿಫೆಂಡರ್ ಚಿಂಗ್ಲೆನ್ಸಾನಾ ಸಿಂಗ್ ಚುರಾಚಾಂದ್‌ಪುರದವನು. ಆಗ ಹೈದರಾಬಾದ್ ತಂಡದಲ್ಲಿದ್ದ, ಕೋಝಿಕ್ಕೋಡ್‌ನಲ್ಲಿ ಪಂದ್ಯ ಆಡ್ತಾ ಇದ್ದ. ಅಲ್ಲಿ ಅವನ ಮನೆ ಸುಟ್ಟುಹೋಯ್ತು, ಊರಿನ ಹುಡುಗರಿಗೆ ಅಂತ ಕಟ್ಟಿಸಿದ್ದ ಫುಟ್‌ಬಾಲ್ ಟರ್ಫ್ ಕೂಡ ಸುಟ್ಟುಹೋಯ್ತು. 2023ರ ಜುಲೈ 4ಕ್ಕೆ ಇದೇ ಕಂಠೀರವದಲ್ಲಿ ಭಾರತ ಕುವೈತ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಾಗ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟ ಹೊದ್ದು ನಿಂತಿದ್ದು ನೆನಪಿದೆಯಾ? ಅದು ಸರಿಯೋ ತಪ್ಪೋ ಅಂತ ಆಗ ದೇಶವೆಲ್ಲ ಜಗಳ ಆಡಿತು. ನಾನು ನೋಡಿದ್ದು ಊರು ಉರೀತಾ ಇರುವಾಗ ಮೈದಾನಕ್ಕೆ ಇಳಿದ ಒಬ್ಬ ಇಪ್ಪತ್ತೆರಡರ ಹುಡುಗನನ್ನ. ಅಂಥ ರಾಜ್ಯದ ಹುಡುಗನಿಗೆ ವಾಪಸ್ ಹೋಗು ಅಂತ ಬರೆದು, ಆಮೇಲೆ ಆರಾಮಾಗಿ ಗುಡ್ ನೈಟ್ ಹಾಕಿ ಮಲಗ್ತೀರಲ್ಲ.

ಇದಕ್ಕೆ ಉತ್ತರವಾಗಿ ಬರುವ ವಾದವೂ ಗೊತ್ತು. ‘ಬೆಂಗಳೂರು ತಂಡದಲ್ಲಿ ಕನ್ನಡದ ಹುಡುಗರು ಯಾಕಿಲ್ಲ? ಅವರನ್ನ ಆಡಿಸಿದ್ದರೆ ಹೀಗಾಗ್ತಿತ್ತಾ?’

ಒಳ್ಳೇ ಪ್ರಶ್ನೆ. ನಾನೂ ಕೇಳ್ತೀನಿ. 2023ರ ಮಾರ್ಚ್ 3ರ ರಾತ್ರಿ ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ಪಂದ್ಯದಲ್ಲಿ ಛೆಟ್ರಿ ಸಟಕ್ಕನೆ ಫ್ರೀಕಿಕ್ ಹೊಡೆದ, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ನಮ್ಮ ಕಡೆ ಬ್ಲಾಸ್ಟರ್ಸ್ ಅಭಿಮಾನಿಗಳೂ ಅರ್ಧಕ್ಕರ್ಧ ಇದ್ದಾರಲ್ಲ, ಒಂದು ವಾರ ಅದೇ ಜಗಳ. ಅದರ ಮರುದಿನ, ಮಾರ್ಚ್ 4ಕ್ಕೆ, ಏನಾಯ್ತು ಹೇಳಿ ನೋಡೋಣ?

ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಹಿಂದಿನ ಸಲ ಗೆದ್ದಾಗ ನಾವಿನ್ನೂ ಮೈಸೂರು ರಾಜ್ಯ. ನಮ್ಮ ಗ್ರೂಪಿನಲ್ಲಿ ಆವತ್ತಿನ ಮೆಸೇಜ್ ಹಿಂದಕ್ಕೆ ಹೋಗಿ ನೋಡಿದೆ. ಛೆಟ್ರಿ ಫ್ರೀಕಿಕ್ ಬಗ್ಗೆ ಇನ್ನೂರಕ್ಕೂ ಹೆಚ್ಚು. ಸಂತೋಷ್ ಟ್ರೋಫಿ ಬಗ್ಗೆ ಎರಡು. ಅದರಲ್ಲಿ ಒಂದು ನಾನೇ ಹಾಕಿದ್ದು. ನಾನು ಕಳಿಸಿದ ಸುದ್ದಿ ಪೇಪರಿನಲ್ಲೂ ಬರಲಿಲ್ಲ ಬಿಡಿ, ಆ ಕಥೆ ಬೇರೆ. ಕನ್ನಡದ ಹುಡುಗರು ಗೆದ್ದಾಗ ಹೆಸರು ಕೂಡ ಕೇಳದವರು ಮಣಿಪುರದ ಹುಡುಗ ಎಡವಿದಾಗ ಮಾತ್ರ ಕನ್ನಡದ ಹುಡುಗರನ್ನ ನೆನಪು ಮಾಡಿಕೊಳ್ಳೋದು ಕನ್ನಡ ಪ್ರೀತಿ ಅಲ್ಲ.

ಒಂದು ತಪ್ಪಿಗೆ ಹೊರಗೆ ಹಾಕಿ ಅನ್ನುವವರಿಗೆ ಹಳೇ ಕಥೆ ಒಂದಿದೆ. 1948ರ ಲಂಡನ್ ಒಲಿಂಪಿಕ್ಸ್, ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿದ ಫ್ರಾನ್ಸ್ ಪಂದ್ಯ. ನಮಗೆ ಸಿಕ್ಕ ಎರಡು ಪೆನಾಲ್ಟಿಯೂ ಹಾಳಾಯ್ತು, 1-2ರಲ್ಲಿ ಸೋತೆವು. ನಮ್ಮ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಒಂದು ಪೆನಾಲ್ಟಿ ಹಾಳು ಮಾಡಿದವನು ಇಪ್ಪತ್ತಮೂರು ವರ್ಷದ ಬ್ಯಾಕ್, ಶೈಲೇನ್ ಮನ್ನಾ. ಆವತ್ತು ವಾಟ್ಸಾಪ್ ಇದ್ದಿದ್ದರೆ ಮುಗೀತಿತ್ತು. ಮೂರೇ ವರ್ಷಕ್ಕೆ, 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಅನ್ನು ಸೋಲಿಸಿ ಚಿನ್ನ ಗೆದ್ದ ತಂಡದ ಕ್ಯಾಪ್ಟನ್ ಅವನೇ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ರೋಷನ್‌ಗೆ ನನ್ನ ವಕಾಲತ್ತು ಬೇಕಿಲ್ಲ. ನಮ್ಮ ಗ್ರೂಪಿನ ಕನ್ನಡ ಸ್ಟಿಕರ್ ಅವನ ಫೋನಿಗೆ ಹೋಗೋದೂ ಇಲ್ಲ. ಅದು ಹೋಗೋದು ನಮ್ಮ ಊರಿನ ಹುಡುಗರ ಫೋನಿಗೆ.

ಫೆಬ್ರವರಿಯಲ್ಲಿ ಇಲ್ಲಿ ಸೆವೆನ್ಸ್ ಟೂರ್ನಿ ನಡೆಯಿತು. ನಮ್ಮ ತಂಡಕ್ಕೆ ಹಿಂದೆ ಆಡಿದ್ದು ಎಸ್ಟೇಟ್ ಲೈನಿನ ಒಬ್ಬ ಹುಡುಗ, ಹದಿನಾರು ವರ್ಷ, ಫಸ್ಟ್ ಪಿಯುಸಿ. ಹೆಸರು ಬೇಡ. ಸೆಮಿಫೈನಲ್‌ವರೆಗೆ ಅವನನ್ನ ದಾಟಿ ಹೋದವರೇ ಕಡಿಮೆ. ಫೈನಲ್‌ನಲ್ಲಿ, ಫ್ಲಡ್‌ಲೈಟ್ ಕೆಳಗೆ, ಕೀಪರ್‌ಗೆ ಅಂತ ಹಿಂದಕ್ಕೆ ತಳ್ಳಿದ ಚೆಂಡು ಕೀಪರ್ ಕಾಲಿನ ಪಕ್ಕದಿಂದ ಒಳಗೆ ಹೋಯ್ತು. ಸ್ವಂತ ಗೋಲು. ಒಂದು ಗೋಲಿಗೆ ಸೋತೆವು.

ಯಾರೋ ವಿಡಿಯೋ ಮಾಡಿದ್ದರು. ಹಿಂದೆ ಸಿನಿಮಾ ಕಾಮಿಡಿ ಡೈಲಾಗ್ ಸೇರಿಸಿ ಹನ್ನೊಂದು ಸೆಕೆಂಡಿನ ಕ್ಲಿಪ್ ಮಾಡಿದರು. ನಾನೂ ನಕ್ಕೆ. ಹೌದು, ನಾನೂ. ಇನ್ನೊಂದು ಗ್ರೂಪಿಗೆ ಕಳಿಸಿದೆ ಕೂಡ. ಹತ್ತು ದಿನ ಅದೇ ಓಡಿತು. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಅವನ ತಾಯಿ ಕೆಲಸ ಮಾಡುವ ತೋಟದಲ್ಲೂ ಯಾರೋ ತೋರಿಸಿದರಂತೆ. ಆ ತಾಯಿಗೆ ಆಟ ಗೊತ್ತಿಲ್ಲ. ಎಲ್ಲರೂ ಮಗನ ಬಗ್ಗೆ ಯಾಕೆ ನಗ್ತಾರೆ ಅಂತ ಮಾತ್ರ ಕೇಳಿದರಂತೆ.

ಅವನು ಮೈದಾನಕ್ಕೆ ಬರೋದು ನಿಲ್ಲಿಸಿದ. ಎರಡು ತಿಂಗಳಾಯ್ತು. ಮೊನ್ನೆ ಪ್ರಚಾರ ಸಭೆಯ ಸುದ್ದಿಗೆ ಹೋದಾಗ ಸಿಕ್ಕಿದ, ಕುರ್ಚಿ ಜೋಡಿಸ್ತಾ ಇದ್ದ, ದಿನಕ್ಕೆ ಇಷ್ಟು ಅಂತ ಕೊಡ್ತಾರಲ್ಲ, ಆ ಕೆಲಸ. ‘ಯಾಕೋ ಗ್ರೌಂಡ್ ಕಡೆ ಬರ್ತಿಲ್ಲ?’ ಅಂದೆ. ‘ಪರೀಕ್ಷೆ ಇತ್ತು ಅಣ್ಣ’ ಅಂದ. ಪರೀಕ್ಷೆ ಮುಗಿದು ಎಷ್ಟೋ ದಿನ ಆಗಿದೆ ಅಂತ ಇಬ್ಬರಿಗೂ ಗೊತ್ತಿತ್ತು. ರೋಷನ್ ಸ್ಟಿಕರ್ ಅವನ ಫೋನಿಗೂ ಬಂದಿದೆ. ಗ್ರೂಪಿನಲ್ಲಿ ಅವನೂ ಇದ್ದಾನೆ, ಒಂದು ಮಾತೂ ಬರೆಯಲ್ಲ, ನೀಲಿ ಟಿಕ್ ಮಾತ್ರ ಬೀಳುತ್ತೆ.

ಕನ್ನಡದ ಡಿಫೆಂಡರ್ ಎಲ್ಲಿ ಅಂತ ಕೇಳಿದಿರಲ್ಲ. ಆವತ್ತು ಕುರ್ಚಿ ಜೋಡಿಸ್ತಾ ಇದ್ದ.

ಅಡ್ಮಿನ್‌ಗಳಿಗೆ ಹೇಳಿದ್ದೇನೆ, ಇಲ್ಲೂ ಹೇಳ್ತೀನಿ. ಮಣಿಪುರಕ್ಕೆ ಹೋಗು ಅಂತ ಬರೆದವರು ಅದನ್ನ ಅಳಿಸಲಿ, ಇಲ್ಲಾಂದ್ರೆ ಅವರನ್ನ ಗ್ರೂಪಿನಿಂದ ತೆಗೀರಿ. ಮೇಷ್ಟ್ರಾದರೂ ಸರಿ. ಫೆಬ್ರವರಿಯ ಆ ಹನ್ನೊಂದು ಸೆಕೆಂಡಿನ ಕ್ಲಿಪ್ ಯಾರ ಫೋನಿನಲ್ಲಿ ಇದೆಯೋ ಅವರೂ ತೆಗೆದುಹಾಕಿ. ನಾನು ತೆಗೆದಿದ್ದೇನೆ, ಕಳಿಸಿದ ಗ್ರೂಪಿನಲ್ಲಿ ತಪ್ಪಾಯ್ತು ಅಂತಲೂ ಹಾಕಿದ್ದೇನೆ. ಮತದಾನ ಮುಗಿದ ಮೇಲಿನ ಭಾನುವಾರ ಸಂಜೆ ಐದಕ್ಕೆ ಮೈದಾನದಲ್ಲಿ ಪ್ರಾಕ್ಟೀಸ್ ಶುರು. ಲೈನ್‌ಮನೆ ಕಡೆ ಹೋಗಿ ಅವನನ್ನ ಕರ್ಕೊಂಡು ಬರೋದು ನನ್ನ ಜವಾಬ್ದಾರಿ. ಬಂದರೆ ಹಳೇದರ ಸುದ್ದಿ ಎತ್ತಬೇಡಿ, ಚೆಂಡು ಕೊಡಿ.