ಒಣನಾಡಿನ ಆತಿಥ್ಯ

ರಜೆಯ ದಿನಗಳು ಸಮೀಪಿಸಿದವೆಂದರೆ ಬೆಂಗಳೂರಿನ ಮನೆಮನೆಯಲ್ಲಿಯೂ ಪ್ರವಾಸದ ಮಾತು ಮೊದಲಾಗುತ್ತದೆ. ಮಡಿಕೇರಿ, ಆಗುಂಬೆ, ಜೋಗ, ಚಿಕ್ಕಮಗಳೂರು, ತಪ್ಪಿದರೆ ಊಟಿ, ಹೀಗೆ ವರುಷ ವರುಷವೂ ಅವೇ ಹೆಸರುಗಳು ಕೇಳಿಬರುತ್ತವೆ. ಹಸುರಿದ್ದಲ್ಲಿಯೇ ಸೌಂದರ್ಯ, ನೀರು ಧುಮುಕುವಲ್ಲಿಯೇ ರಮ್ಯತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಒಣನಾಡನ್ನು ಕಾಣಬೇಕೆಂಬ ಹಂಬಲವುಳ್ಳ ಕೆಲವರು ದೂರದ ಜೈಸಲ್ಮೇರಿಗೆ ಹೋಗಿ, ಮರಳದಿಬ್ಬದ ಮೇಲೆ ಒಂಟೆಯೇರಿ, ಭಾವಚಿತ್ರ ತೆಗೆಸಿಕೊಂಡು ಬರುತ್ತಾರೆ. ಅದೂ ನೋಡತಕ್ಕ ನಾಡೇ ಸರಿ. ಆದರೆ ರಾಜಸ್ಥಾನವೊಂದನ್ನು ಬಿಟ್ಟರೆ ಬರಗಾಲಕ್ಕೆ ಈಡಾಗುವ ನೆಲ ಬಹಳವಾಗಿರುವುದು ನಮ್ಮ ರಾಜ್ಯದಲ್ಲಿಯೇ ಎಂದು ತಿಳಿದವರು ಹೇಳುತ್ತಾರೆ. ತುಮಕೂರು ರಸ್ತೆಯನ್ನು ಹಿಡಿದು ನಾಲ್ಕು ಗಂಟೆಗಳ ಕಾಲ ಪಯಣಿಸಿದರೆ ಆ ಸೀಮೆಯ ಹೊಸ್ತಿಲಲ್ಲಿ ನಿಲ್ಲುತ್ತೇವೆ. ಅಲ್ಲಿಗೆ ಹೋಗುವವರೇ ಇಲ್ಲವೆಂದಲ್ಲ. ಹೋದವರು ಕೋಟೆಯ ಬಾಗಿಲನ್ನೋ ಕಲ್ಲಿನ ರಥವನ್ನೋ ನೋಡಿ ಅವಸರವಸರವಾಗಿ ಹಿಂದಿರುಗುತ್ತಾರೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಣನಾಡು ನೋಡಿ ಹೊರಡುವ ಸ್ಥಳವಲ್ಲ. ತಂಗಿ, ಉಂಡು, ನಡೆದಾಡಿ ಅರಿಯಬೇಕಾದ ಸ್ಥಳ.

ನಗರದ ಪಶ್ಚಿಮ ಭಾಗದಲ್ಲಿ ವಾಸಿಸುವ ನಮಗಂತೂ ಆ ಸೀಮೆಯೊಡನೆ ಹೆಸರಿನಲ್ಲಿಯೇ ಒಂದು ನಂಟಿದೆ. ವಿಜಯನಗರ ಬಡಾವಣೆಗೆ ಹೆಸರು ಬಂದದ್ದು ತುಂಗಭದ್ರೆಯ ದಡದಲ್ಲಿ ಮೆರೆದ ಸಾಮ್ರಾಜ್ಯದಿಂದ. ಬಸವೇಶ್ವರನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನವರು ಬಾಳಿದ್ದು ಬಾಗೇವಾಡಿ, ಕೂಡಲಸಂಗಮ, ಕಲ್ಯಾಣಗಳಲ್ಲಿ. ಇವೆಲ್ಲವೂ ಬಯಲುಸೀಮೆಯ ಊರುಗಳು. ಈ ಹೆಸರುಗಳನ್ನು ಬಸ್ಸಿನ ಹಣೆಯ ಮೇಲೆ ದಿನವೂ ಓದುವ ಬಾಲಕ ಬಾಲಕಿಯರು ಮೂಲದ ಊರುಗಳನ್ನು ಒಮ್ಮೆಯೂ ಕಾಣದೆ ಪ್ರೌಢಶಾಲೆಯನ್ನು ಮುಗಿಸುವುದು ವಿಚಿತ್ರವಲ್ಲವೆ?

ಬಯಲುಸೀಮೆಯನ್ನು ಮರುಭೂಮಿಯೆಂದು ಕರೆಯುವುದು ತಪ್ಪು. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸಾಮಾನ್ಯವಾಗಿ 7,000 ಮಿಲಿಮೀಟರನ್ನು ಮೀರುತ್ತದೆ. ಚಳ್ಳಕೆರೆಯ ಕಡೆ ಅದು 500 ಮಿಲಿಮೀಟರಿನ ಆಚೀಚೆ. ಬೆಂಗಳೂರಿಗೆ ಇದರ ಸುಮಾರು ಎರಡರಷ್ಟು ಮಳೆ ಬೀಳುತ್ತದೆ. ಆದರೂ 2024ರ ಬೇಸಿಗೆಯಲ್ಲಿ ನಮ್ಮ ಬೀದಿಗಳಲ್ಲಿ ನೀರಿನ ಲಾರಿಗಳಿಗಾಗಿ ಜನ ಕಾದು ನಿಂತರು. ನಮ್ಮ ನಡುವೆಯೇ ಹರಿದು ಕೆಂಗೇರಿಯನ್ನು ಹಾಯ್ದು ಹೋಗುವ ವೃಷಭಾವತಿ ನದಿಯನ್ನು ನಾವು ಚರಂಡಿಯಾಗಿ ಮಾಡಿಕೊಂಡಿದ್ದೇವೆ. ಕುಡಿಯುವ ನೀರನ್ನು ದೂರದ ಕಾವೇರಿಯಿಂದ ಎತ್ತಿ ತರಿಸಿಕೊಳ್ಳುತ್ತೇವೆ. ಹೀಗಿರುವಾಗ ಅರ್ಧದಷ್ಟು ಮಳೆಯಲ್ಲಿ ಬದುಕಿದ ಜನರು ಏನು ಮಾಡಿದರೆಂಬುದನ್ನು ಹೋಗಿ ನೋಡುವುದರಲ್ಲಿ ವಿನೋದ ಮಾತ್ರವಲ್ಲ, ವಿವೇಕವೂ ಇದೆ.

ಮೊದಲು ಚಿತ್ರದುರ್ಗ. ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ದಾರಿಯಲ್ಲಿ ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವಿದೆ. 1907ರಲ್ಲಿ ಮುಗಿದ ಈ ಜಲಾಶಯವು 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಕೋಡಿಯನ್ನು ಕಂಡ ಮಗು ಮುಂದಿನದನ್ನು ಕಾಣಲು ತೊಂಬತ್ತರ ವಯಸ್ಸನ್ನು ಮುಟ್ಟಬೇಕಾಯಿತು! ಅಂಥ ಸೀಮೆಯಲ್ಲಿ ದುರ್ಗದ ಪಾಳೆಯಗಾರರು ಬೆಟ್ಟದ ಮೇಲೆ ಒಂದು ನಗರವನ್ನು ಕಟ್ಟಿ ಆಳಿದರು. ಏಳು ಸುತ್ತಿನ ಕೋಟೆಯನ್ನು ನೋಡಲು ಹೋದವರು ಗೋಡೆಗಳ ಎತ್ತರವನ್ನೂ ಬಾಗಿಲುಗಳ ಬಿಗಿಯನ್ನೂ ಕೊಂಡಾಡುತ್ತಾರೆ. ನನಗೆ ಅಲ್ಲಿಯ ಹೊಂಡಗಳೇ ದೊಡ್ಡ ವಿಸ್ಮಯವೆಂದು ತೋರುತ್ತದೆ. ಹೆಬ್ಬಂಡೆಗಳ ಮೇಲೆ ಬಿದ್ದ ಮಳೆ ಇಳಿದು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆಹೊಂಡಕ್ಕೆ. ಯಂತ್ರವಿಲ್ಲ, ಕೊಳವೆಯಿಲ್ಲ, ಬೆಟ್ಟದ ಇಳುಕಲನ್ನು ಬಲ್ಲವರ ಕಣ್ಣಳತೆಯೊಂದೇ ಇಷ್ಟನ್ನು ಸಾಧಿಸಿತು. ಒನಕೆ ಓಬವ್ವನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಆಕೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದುದನ್ನು ಕಂಡದ್ದು ಯಾವಾಗ? ಗಂಡ ಊಟಕ್ಕೆ ಕುಳಿತಾಗ, ನೀರು ತರಲು ಹೋದಾಗ. ಕಥೆಯ ತಿರುವೇ ಒಂದು ಕೊಡ ನೀರಿನಲ್ಲಿದೆ.

ಕೋಟೆಯ ಹಿಂಬದಿಗೆ ಚಂದ್ರವಳ್ಳಿ. ಇಲ್ಲಿಯ ಬಂಡೆಯ ಮೇಲೆ, ಕದಂಬ ರಾಜ್ಯದ ಮೂಲಪುರುಷನಾದ ಮಯೂರಶರ್ಮನು ಕೆರೆಯೊಂದನ್ನು ಮಾಡಿಸಿದನೆಂಬ ಶಾಸನವಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಈ ನೆಲದಲ್ಲಿ ರೋಮ್ ಸಾಮ್ರಾಜ್ಯದ ನಾಣ್ಯಗಳು ಸಿಕ್ಕಿವೆ. ಹೊರನಾಡಿನ ಹಣ ಹರಿದು ಬಂದ ಊರು ಬರಡು ಊರಾಗಿರಲಾರದು. ದುರ್ಗದಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ಕೋಟೆಯನ್ನು ಹತ್ತಲು ತಕ್ಕ ಹೊತ್ತು ಬೆಳಗಿನ ಜಾವದ ಅನಂತರದ್ದು. ಬಂಡೆ ಆಗ ತಂಪಾಗಿರುತ್ತದೆ, ಗಾಳಿ ಬೀಸುತ್ತದೆ. ಹನ್ನೊಂದು ಗಂಟೆಗೆ ಬಸ್ಸಿನಿಂದಿಳಿದು ಬಿಸಿಲನ್ನು ಶಪಿಸುತ್ತ ಏರುವವರು ಕೋಟೆಯನ್ನು ಕಾಣುವುದಿಲ್ಲ, ತಮ್ಮ ಬೆವರನ್ನೇ ಕಾಣುತ್ತಾರೆ. ಕೆಳಗಿಳಿದ ಮೇಲೆ ಮಂಡಕ್ಕಿ, ಮಿರ್ಚಿ. ಈ ಜೋಡಿಯನ್ನು ಆ ಕಡೆಯವರಷ್ಟು ಹದವಾಗಿ ಬೆಂಗಳೂರಿನವರು ಮಾಡಲಾರರು. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ದುರ್ಗದಿಂದ ಚಳ್ಳಕೆರೆಗೆ ಹೋಗುವವರು ಇನ್ನೂ ಕಡಮೆ. ಶೇಂಗಾ ಎಣ್ಣೆಗೂ ಕುರಿಯ ಉಣ್ಣೆಯ ಕಂಬಳಿಗೂ ಹೆಸರಾದ ಈ ಊರಿನ ಸುತ್ತ ಕಾವಲುಗಳೆಂಬ ಹುಲ್ಲುಗಾವಲುಗಳಿವೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ ನೆಲ ಇದು. ಆ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನ. ಮೇಲ್ನೋಟಕ್ಕೆ ಇಲ್ಲಿ ಏನೂ ಇಲ್ಲ. ಅರ್ಧ ಗಂಟೆ ಸುಮ್ಮನೆ ನಿಂತರೆ ಹುಲ್ಲಿನ ನಡುವೆ ಕೃಷ್ಣಮೃಗದ ಕೊಂಬು ಕಾಣಿಸಿಕೊಳ್ಳುತ್ತದೆ, ನೆಲಕ್ಕಂಟಿಕೊಂಡು ಕುಳಿತ ಹಕ್ಕಿ ಪುರ್ರೆಂದು ಏಳುತ್ತದೆ, ಕುರಿಹಿಂಡಿನ ಹಿಂದೆ ಕಂಬಳಿ ಹೊದ್ದ ಮನುಷ್ಯ ಬರುತ್ತಾನೆ. ‘ಏನೂ ಇಲ್ಲ’ ಎಂಬ ಮಾತು ಸಣ್ಣದಲ್ಲ. 2008ರಿಂದ 2011ರವರೆಗಿನ ವರ್ಷಗಳಲ್ಲಿ ಇಲ್ಲಿಯ ಕುದಾಪುರ, ದೊಡ್ಡಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ನೆಲವನ್ನು ವಿಜ್ಞಾನ ಮತ್ತು ರಕ್ಷಣೆಗೆ ಸಂಬಂಧಿಸಿದ ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ಬೇಲಿಗಳು, ಗೋಡೆಗಳು ಎದ್ದವು. ಕುರಿ ದನಗಳ ದಾರಿ ತಪ್ಪಿದ ಹಳ್ಳಿಗರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಸಂಶೋಧನಾಲಯಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಒಂದು ದೊಡ್ಡ ಕಾಡನ್ನು ಕಡಿಯುವುದಾಗಿದ್ದರೆ ನಗರದಲ್ಲಿ ಎಷ್ಟು ಕೂಗು ಏಳುತ್ತಿತ್ತು! ಹುಲ್ಲಿನ ಬಯಲಿಗಾಗಿ ಅಷ್ಟು ಕೂಗು ಏಳಲಿಲ್ಲ. ಏಕೆಂದರೆ ಕೂಗಬಲ್ಲವರಲ್ಲಿ ಬಹುಮಂದಿ ಅದನ್ನು ನೋಡಿಯೇ ಇರಲಿಲ್ಲ. ಪ್ರವಾಸಿಗರು ಹೋಗದ ನೆಲಕ್ಕೆ ಸಾಕ್ಷಿ ಹೇಳುವವರಿರುವುದಿಲ್ಲ. ಶಾಲೆಗಳ ವಾರ್ಷಿಕ ಪ್ರವಾಸ ಇತ್ತ ಬರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಊಟದ ವಿಷಯ. ಒಣನಾಡಿನಲ್ಲಿ ತಿನ್ನಲು ಏನು ಸಿಕ್ಕೀತೆಂಬ ಶಂಕೆ ಹಲವರಿಗಿದೆ. ಉತ್ತರಕ್ಕೆ ಸಾಗಿದಂತೆ ಕೆಂಪುನೆಲ ಕಳೆದು ಎರೆಭೂಮಿ ತೊಡಗುತ್ತದೆ. ಈ ಕಪ್ಪುಮಣ್ಣು ಮುಂಗಾರಿನ ನೀರನ್ನು ಕುಡಿದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳವು ಬಳಿಕ ಹೆಚ್ಚಿನ ಮಳೆಯನ್ನು ಬೇಡದೆ, ಮಣ್ಣಿನೊಳಗಿನ ತೇವದಿಂದಲೂ ಚಳಿಗಾಲದ ಇಬ್ಬನಿಯಿಂದಲೂ ತೆನೆಗಟ್ಟುತ್ತದೆ. ತಟ್ಟೆಯಲ್ಲಿ ಬಂದು ಕೂಡುವ ರೊಟ್ಟಿ ಈ ಮಿತವ್ಯಯದ ಫಲ. ಬಿಸಿ ರೊಟ್ಟಿಗೆ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳುಪುಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಣಗಿಸಿದ ಖಡಕ್ ರೊಟ್ಟಿಯಾದರೋ ವಾರಗಟ್ಟಲೆ ಕೆಡದು. ಪಯಣಿಗನ ಗಂಟಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಇನ್ನೊಂದಿಲ್ಲ. ಇವುಗಳಲ್ಲಿ ಯಾವುದಕ್ಕೂ ಬೇರೆ ಸೀಮೆಯ ನೀರು ಬೇಕಿಲ್ಲ. ಅಲ್ಲಿಗೆ ಹೋಗಿಯೂ ಇಡ್ಲಿ ಎಲ್ಲಿ, ಅನ್ನಸಾರು ಎಲ್ಲಿ ಎಂದು ಬೀದಿ ಬೀದಿ ಹುಡುಕುವ ನಮ್ಮವರನ್ನು ಕಂಡಾಗ ನಗುವುದೋ ಮರುಗುವುದೋ ತಿಳಿಯದು.

ಊಟಕ್ಕೆಂದೇ ಹೋಗಬೇಕಾದ ಒಂದು ಸ್ಥಳವಿದೆ. ಬಾದಾಮಿಗೆ ಸುಮಾರು ಐದು ಕಿಲೋಮೀಟರಿನಲ್ಲಿರುವ ಬನಶಂಕರಿಯ ದೇವಾಲಯದ ಬಳಿ, ಸುತ್ತಲ ಹಳ್ಳಿಗಳ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ಮೊಸರು ಹೊತ್ತು ತಂದು ಮಾರುತ್ತಾರೆ. ಪುಷ್ಕರಿಣಿಯ ಸುತ್ತಣ ಕಲ್ಲುಮಂಟಪದ ನೆರಳಿನಲ್ಲಿ ಕುಳಿತು ಅದನ್ನು ಉಂಡವರು ದೊಡ್ಡ ಹೊಟೆಲುಗಳ ಮೇಜು ಕುರ್ಚಿಗಳನ್ನು ನೆನೆಯರು. ಬಾದಾಮಿಯ ಗುಹಾಲಯಗಳ ವರ್ಣನೆಯನ್ನು ನಿಮ್ಮ ಚರಿತ್ರೆಯ ಪುಸ್ತಕವೇ ಕೊಡುತ್ತದೆ. ಗುಹೆಗಳ ಕೆಳಗಿನ ಅಗಸ್ತ್ಯತೀರ್ಥದ ಮೆಟ್ಟಿಲಲ್ಲಿ ಸಂಜೆಯವರೆಗೆ ಕೂತಿರಿ ಎಂದು ಅದು ಹೇಳಲಾರದು, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಹಂಪೆಗೆ ಹೋದವರು ಕಮಲಾಪುರದಲ್ಲಿ ಇಳಿದುಕೊಳ್ಳುವುದು ಮೇಲು. ರಾಜ್ಯ ಪ್ರವಾಸೋದ್ಯಮ ನಿಗಮದ ಅತಿಥಿಗೃಹವೂ ಅಲ್ಲಿಯೇ ಇದೆ. ವಿಜಯನಗರದ ಅರಸರ ಕಾಲದ ಕೆರೆಯೂ ಅಲ್ಲಿಯೇ ಇದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ನಗರದಲ್ಲಿ ದೇವಾಲಯಗಳನ್ನು ತೋರಿಸುವವರು ನೂರು ಮಂದಿ ಸಿಗುತ್ತಾರೆ. ನೀವು ಅವರೊಡನೆ ತುರ್ತು ಕಾಲುವೆಯನ್ನು ಕೇಳಿ. ಸಾಮ್ರಾಜ್ಯದ ಕಾಲದಲ್ಲಿ ತೋಡಿದ ಆ ಕಾಲುವೆ ಅರಸರು ಹೋದರೂ, ಅರಮನೆ ಸುಟ್ಟುಹೋದರೂ ನಿಲ್ಲದೆ ಇಂದಿಗೂ ಬಂಡೆಗಳ ನಡುವಣ ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ರಾಜಾವರಣದಲ್ಲಿ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಕೊಳವೊಂದಿದೆ. ಯಾವ ಕಲ್ಲು ಯಾವ ಸಾಲಿಗೆ ಸೇರಬೇಕೆಂದು ಶಿಲ್ಪಿಗಳು ಹಾಕಿದ ಗುರುತುಗಳು ಅದರ ಕರಿಗಲ್ಲುಗಳ ಮೇಲಿವೆ. ಕಂಬಗಳ ಮೇಲೆ ಕೂರಿಸಿದ ಕಲ್ಲಿನ ದೋಣಿಗಳಲ್ಲಿ ನೀರು ಇಲ್ಲಿಗೆ ಹರಿದು ಬರುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಹತ್ತಿರದ ದರೋಜಿಗೆ ಹೋಗಬಹುದು. 1994ರಲ್ಲಿ ಘೋಷಿತವಾದ ಈ ಕರಡಿಧಾಮದ ಗೋಪುರದಲ್ಲಿ ಸದ್ದಿಲ್ಲದೆ ಕುಳಿತರೆ, ಗೆದ್ದಲು ಇರುವೆಗಳನ್ನೂ ಕುರುಚಲಿನ ಹಣ್ಣುಗಳನ್ನೂ ತಿಂದು ಬದುಕುವ ಕರಡಿಗಳು ಗುಡ್ಡದಿಂದ ಇಳಿದು ಬರುವುದನ್ನು ಕಾಣಬಹುದು. ಸದ್ದಿಲ್ಲದೆ ಎಂಬ ಮಾತು ಶಾಲೆಯ ಮಕ್ಕಳಿಗೆ ಕಠಿಣವಾದುದೆಂದು ಬಲ್ಲೆ.

ಬಿಸಿಲು ತಾಳಲಾಗದು, ಸೌಕರ್ಯ ಸಾಲದು ಎಂದು ಹಿರಿಯರು ಆಕ್ಷೇಪಿಸಬಹುದು. ಸೌಕರ್ಯ ಈಗ ಎಲ್ಲೆಡೆಯೂ ಸಾಕಷ್ಟಿದೆ. ಬಿಸಿಲಿನ ಮಾತು ನಿಜ. ಅದಕ್ಕಾಗಿ ಕಾಲವನ್ನು ಅರಿತು ಹೊರಡಬೇಕು. ಏಪ್ರಿಲ್, ಮೇ ತಿಂಗಳುಗಳು ಸಲ್ಲವು. ಪುಷ್ಯಮಾಸ ಪ್ರಶಸ್ತ. ಎಳ್ಳಮಾವಾಸ್ಯೆಯಂದು ಒಕ್ಕಲಿಗರು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ದಾರಿಹೋಕರನ್ನು ಕರೆಯದೆ ಉಣ್ಣುವ ವಾಡಿಕೆ ಅವರಲ್ಲಿಲ್ಲ. ಮುಂದೆ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ. ಈ ಎರಡರ ಆಸುಪಾಸಿನಲ್ಲಿ ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಬಿಸಿಬಿಸಿಯಾದ ಹಾಲುಗಾಳನ್ನು ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ಕೊಡುತ್ತಾರೆ. ಅದರ ಹೆಸರು ಸೀತನಿ. ಪೇಟೆಯ ಅಂಗಡಿಗೆ ಅದು ಬರುವುದಿಲ್ಲ, ಕಟ್ಟಿ ತಂದರೆ ಆ ರುಚಿ ಉಳಿಯುವುದಿಲ್ಲ. ಹೊಲದ ಬದುವಿನಲ್ಲಿ ನಿಂತೇ ತಿನ್ನಬೇಕು. ಮಾಘ ಕಳೆದರೆ ಕಾಳು ಬಲಿತು, ಆ ವರ್ಷದ ಸೀತನಿ ಮುಗಿದಿರುತ್ತದೆ.