ಬೀಗ ಒಡೆದು ನೋಡುವ ಕನ್ನಡ ವಾಹಿನಿ: ಅಪಾಯ ಯಾರ ಪಾಲಿಗೆ?

ಮಸಿನಗುಡಿ, ಗೂಡಲೂರು, ಉದಕಮಂಡಲದ ಕನ್ನಡ ಮನೆಗಳಿಗೆ ಟಿ.ವಿ. ಬರಿಯ ಮನರಂಜನೆಯಲ್ಲ. ಬೀದಿಯಲ್ಲಿ ತಮಿಳು, ಗೂಡಲೂರು ಪೇಟೆಯಲ್ಲಿ ಮಲಯಾಳವೂ ಕೇಳಿಬರುವ ಈ ಜಿಲ್ಲೆಯಲ್ಲಿ, ಶಾಲೆಯ ಹೊರಗೆ ಮಗುವಿನ ಕಿವಿಗೆ ಕನ್ನಡ ಬೀಳುವ ದಾರಿಗಳು ಕೆಲವೇ. ಆದುದರಿಂದ ‘ತಿಂಗಳ ಚಂದಾ ಬೇಡ, ಪೆಟ್ಟಿಗೆಗೆ ಒಂದು ಸಾಫ್ಟ್‌ವೇರ್ ಹಾಕಿದರೆ ಎಲ್ಲ ಕನ್ನಡ ವಾಹಿನಿಗಳೂ ಬರುತ್ತವೆ’ ಎಂದು ಯಾರಾದರೂ ಹೇಳಿದರೆ ಪೋಷಕರು ಕಿವಿಗೊಡುವುದು ಸಹಜ. ಒಪ್ಪುವ ಮುನ್ನ ಅದರ ಒಳಹೊರಗನ್ನು ನಾವು ಅರಿಯಬೇಕು.

ಉಪಗ್ರಹದಿಂದ ಬರುವ ಪಾವತಿ ವಾಹಿನಿಗಳ ಸಂಕೇತಕ್ಕೆ ಬೀಗ ಹಾಕಿರುತ್ತಾರೆ. ಅದರ ಕೀಲಿ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ಚಂದಾದಾರರ ಕಾರ್ಡು ಅದನ್ನು ಬಿಡಿಸಿಕೊಡುತ್ತದೆ. ಕಳ್ಳ ಸಾಫ್ಟ್‌ವೇರ್ ಆ ಕಾರ್ಡಿನಂತೆ ನಟಿಸುತ್ತದೆ, ಇಲ್ಲವೆ ಬೇರೆಲ್ಲೋ ಇರುವ ಒಂದು ಕಾರ್ಡಿನ ಕೀಲಿಯನ್ನು ಇಂಟರ್‌ನೆಟ್ ಮೂಲಕ ತರಿಸಿಕೊಳ್ಳುತ್ತದೆ. ಕಂಪನಿಯವರು ವ್ಯವಸ್ಥೆಯನ್ನು ಬದಲಿಸಿದ ದಿನ ಪರದೆ ಕಪ್ಪಾಗುತ್ತದೆ. ಕೊಟ್ಟ ಹಣಕ್ಕೆ ರಸೀದಿಯಿಲ್ಲ, ದೂರು ಹೇಳಲು ಜಾಗವಿಲ್ಲ.

ಕಾನೂನಿನ ಮಾತು ಇನ್ನೂ ಗಂಭೀರವಾದುದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ತನ್ನ ಮನೆಯಲ್ಲಷ್ಟೇ ನೋಡಿದವನ ಉದ್ದೇಶವೇನೆಂಬುದು ನ್ಯಾಯಾಲಯದಲ್ಲಿ ವಾದಿಸಬಹುದಾದ ವಿಷಯ. ಆದರೆ ಅದೇ ಪ್ರಸಾರವನ್ನು ಹಣ ಪಡೆದು ಸಾರ್ವಜನಿಕರಿಗೆ ತೋರಿಸುವುದು ಪ್ರಸಾರಕರ ಹಕ್ಕಿನ ನೇರ ಉಲ್ಲಂಘನೆಯೆಂದು 37ನೇ ಕಲಂ ಹೇಳುತ್ತದೆ. ‘ಅಕ್ಕಪಕ್ಕದ ನಾಲ್ಕು ಮನೆಗೂ ತಂತಿ ಎಳೆದು ಖರ್ಚು ಹಂಚಿಕೊಳ್ಳೋಣ’ ಎನ್ನುವವರು ಇದನ್ನು ಮರೆಯಬಾರದು. ಮಾರಿದವನು ಊರು ಬಿಟ್ಟಾನು. ಪೆಟ್ಟಿಗೆ ಉಳಿಯುವುದು ನಮ್ಮ ಮನೆಯಲ್ಲಿ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಮಕ್ಕಳ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುತ್ತದೆ, ಮನೆಯ ಟಿ.ವಿ.ಗೆ ಅಂಥ ಆಸರೆಯಿಲ್ಲ. ಅಲ್ಲಿ ನಡೆಯುವುದು ಚಂದಾದಾರರ ಲೆಕ್ಕವೊಂದೇ. ಕದ್ದು ನೋಡುವ ನೂರು ಮನೆಗಳು ಆ ಲೆಕ್ಕದಲ್ಲಿ ಸೊನ್ನೆ. ನೀಲಗಿರಿಯಲ್ಲಿ ಕನ್ನಡ ಕೇಳುವವರೇ ಇಲ್ಲವೆಂದು ಕೇಬಲ್‌ನವರು ಹೇಳಿದರೆ, ಆ ಸಾಕ್ಷ್ಯವನ್ನು ಒದಗಿಸಿದವರು ನಾವೇ ಆಗುತ್ತೇವೆ.

ನ್ಯಾಯವಾದ ದಾರಿಗಳಿವೆ. 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್ ಸೇವೆಗೆ, ಇಂದಿನ ಡಿಡಿ ಫ್ರೀ ಡಿಶ್‌ಗೆ, ತಿಂಗಳ ಚಂದಾ ಇಲ್ಲ. ಅದರಲ್ಲಿ ಚಂದನ ದೊರೆಯುತ್ತದೆ. ಕೋವಿಡ್ ಕಾಲದಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಪಾಠಗಳನ್ನು ಪ್ರಸಾರ ಮಾಡಿದ್ದೂ ಈ ವಾಹಿನಿಯಲ್ಲೇ. ಪಾವತಿ ವಾಹಿನಿ ಬೇಕಾದವರು ಇಡೀ ಪ್ಯಾಕೇಜು ಕೊಳ್ಳಬೇಕಾಗಿಲ್ಲ. 2019ರಿಂದ ಜಾರಿಯಲ್ಲಿರುವ ಟ್ರಾಯ್ ನಿಯಮದಂತೆ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಕೇಬಲ್‌ನಲ್ಲಿ ಕನ್ನಡ ವಾಹಿನಿ ಬಾರದಿದ್ದರೆ, ಬೀದಿಯ ಹತ್ತು ಮನೆಗಳು ಸಹಿ ಹಾಕಿ ಲಿಖಿತ ಬೇಡಿಕೆ ಕೊಟ್ಟು, ಅದರ ಪ್ರತಿಯನ್ನು ಇಟ್ಟುಕೊಳ್ಳಲಿ. ಮುಂದಿನ ಪೋಷಕರ ಸಭೆಯಲ್ಲಿಯೇ ಈ ಕೆಲಸವನ್ನು ಆರಂಭಿಸೋಣ.

ಶಾಲೆಯಲ್ಲಿ ಕನ್ನಡವನ್ನು ಹಕ್ಕೆಂದು ಕೇಳುವ ನಾವು ಮನೆಯಲ್ಲಿ ಅದನ್ನು ಕದ್ದ ವಸ್ತುವನ್ನಾಗಿ ಮಾಡಬಾರದು. ಮಕ್ಕಳು ನೋಡುತ್ತಿದ್ದಾರೆ.